ಎಣಿಕೆಯೂ ಅಳತೆಯೂ: ಇಂಗ್ಲಿಷಿನ ಪರಿಮಾಣವಾಚಕ ಶಬ್ದಗಳ ವಿಚಾರ



ನಮ್ಮ ಬಾಲಿಕೆಯರು ಇಂಗ್ಲಿಷ್ ಭಾಷೆಯನ್ನು ಕಲಿಯುವಾಗ ಎಡವುವ ಸ್ಥಳಗಳು ಹಲವು ಉಂಟು. ಅವುಗಳೊಳಗೆ ಒಂದು ನೋಟಕ್ಕೆ ಬಹು ಚಿಕ್ಕದಾಗಿ ಕಾಣುವುದು. ಆದರೆ ಕೆಳಗಿನ ತರಗತಿಯ ಮಗುವಿನಿಂದ ಮೊದಲುಗೊಂಡು ಕಾಲೇಜನ್ನು ಮುಗಿಸಿ ಉದ್ಯೋಗಕ್ಕೆ ಸೇರಿದವರ ತನಕ ಯಾರ ಬೆನ್ನನ್ನೂ ಅದು ಬಿಡುವುದಿಲ್ಲ. “ಮಚ್” ಎಂಬ ಶಬ್ದವನ್ನು ಎಲ್ಲಿ ಹೇಳತಕ್ಕದ್ದು, “ಮೆನಿ” ಎಂಬುದನ್ನು ಎಲ್ಲಿ ಹೇಳತಕ್ಕದ್ದು, “ಲಿಟಲ್” ಎಂಬುದಕ್ಕೆ ಯಾವ ಸ್ಥಾನ, “ಫ್ಯೂ” ಎಂಬುದಕ್ಕೆ ಯಾವ ಸ್ಥಾನ ಎಂಬುದೇ ಆ ತೊಡಕು. ಇದನ್ನು ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಕೊಂಚ ಆಲೋಚಿಸುವುದು ಹಿತವೆಂದು ತಿಳಿದು ಈ ಲೇಖನವನ್ನು ಬರೆದಿದೆ. ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ತಾಯಿಯಾದರೂ ಈ ಒಂದು ವಿಷಯದಲ್ಲಿ ತನ್ನ ಮಗಳಿಗೆ ಗುರುವಾಗಬಲ್ಲಳೆಂಬುದನ್ನು ತೋರಿಸುವುದೇ ಇದರ ಮುಖ್ಯೋದ್ದೇಶವಾಗಿದೆ.

ತೊಡಕು ಎಲ್ಲಿ ಹುಟ್ಟುವುದೆಂಬುದನ್ನು ಮೊದಲು ನೋಡೋಣ. ಕನ್ನಡದಲ್ಲಿ “ಎಷ್ಟು” ಎಂಬ ಒಂದೇ ಮಾತು ಎರಡು ಕೆಲಸಗಳನ್ನು ನಡಿಸುವುದು. “ಎಷ್ಟು ಹಾಲು?” ಎಂದೂ ಕೇಳುವೆವು, “ಎಷ್ಟು ಹಸು?” ಎಂದೂ ಕೇಳುವೆವು. ಅಷ್ಟು, ಇಷ್ಟು, ಬಹಳ, ಸಾಕಷ್ಟು, ಹೆಚ್ಚು, ಕಡಮೆ ಎಂಬ ಮಾತುಗಳೂ ಹೀಗೆಯೇ ಎರಡು ಕಡೆಗೂ ಸಲ್ಲುವುವು. ಇಂಗ್ಲಿಷಿನವರಾದರೋ ಹಾಲನ್ನು ಕುರಿತು “ಹೌ ಮಚ್” ಎಂದೂ, ಹಸುಗಳನ್ನು ಕುರಿತು “ಹೌ ಮೆನಿ” ಎಂದೂ ಬೇರೆ ಬೇರೆಯಾಗಿ ಕೇಳುವರು. ಒಂದೇ ಬಾಗಿಲಿನಿಂದ ಹೋಗಿ ರೂಢಿಯಾದವರಿಗೆ ಎರಡು ಬಾಗಿಲುಗಳು ಎದುರಾದರೆ ಯಾವುದನ್ನು ಹೋಗಬೇಕೆಂದು ತೋಚದೆ ನಿಲ್ಲುವುದು ಸಹಜವೇ. ಇದು ಬುದ್ಧಿಮಾಂದ್ಯದ ಗುರುತಲ್ಲ. ಹುಡುಗಿಯು ತನ್ನ ತಾಯ್ನುಡಿಯನ್ನು ನಂಬಿ ನಡೆದುದರ ಫಲ, ಅಷ್ಟೇ.

ಇಂಥ ಭೇದವು ಪರದೇಶದವರಿಗೆ ಮಾತ್ರ ಉಂಟೆಂದು ಎಣಿಸಬಾರದು. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬಿಳಿಗಿರಿರಂಗನ ಬೆಟ್ಟದ ಕಾಡಿನ ಅಂಚಿಗೆ ಪುಣಜನೂರು ಎಂಬ ಊರು ಇರುವುದು. ತಮಿಳುನಾಡಿನ ಗಡಿಯು ಅಲ್ಲಿಂದ ದೂರವಿಲ್ಲ. ಗಡಿಯಾಚೆ ತಾಳವಾಡಿಯ ಸೀಮೆಯಲ್ಲಿ ಕನ್ನಡವೇ ಮನೆಮಾತಾದವರು ಬಹು ಮಂದಿ. ಈಚೆ ಕಡೆಯ ಕಿವಿಗಳಿಗೂ ತಮಿಳು ಹೊಸದಲ್ಲ. ಆ ದಾರಿಯಲ್ಲಿ ತಮಿಳಿನವರು ಮಾತನಾಡುವುದನ್ನು ಕಿವಿಗೊಟ್ಟು ಕೇಳಿದರೆ, ಎಣಿಸತಕ್ಕ ವಸ್ತುವಿಗೆ “ಎತ್ತನೈ” ಎಂದೂ, ಅಳೆಯತಕ್ಕ ವಸ್ತುವಿಗೆ “ಎವ್ವಳವು” ಎಂದೂ ಎರಡು ಬೇರೆ ಮಾತುಗಳನ್ನು ಆಡುವರೆಂಬುದು ತಿಳಿಯುವುದು. ಎಷ್ಟು ಆನೆ ಎಂಬಲ್ಲಿ “ಎತ್ತನೈ”, ಎಷ್ಟು ನೀರು ಎಂಬಲ್ಲಿ “ಎವ್ವಳವು.” ಈ ಎರಡನೆಯ ಮಾತಿನೊಳಗೆ ನಮ್ಮ “ಅಳವು”, “ಅಳತೆ” ಎಂಬ ಶಬ್ದಗಳ ಬಂಧುವೇ ಅಡಗಿರುವುದನ್ನು ನೋಡಿರಿ: “ಯಾವ ಅಳತೆ?” ಎಂಬುದೇ ಅದರ ತಿರುಳು. ನಮ್ಮ ಮತ್ತೊಂದು ನೆರೆನುಡಿಯಾದ ತೆಲುಗಿನಲ್ಲಿಯೂ ಎಣಿಕೆಗೆ “ಎನ್ನಿ”, ಅಳತೆಗೆ “ಎಂತ” ಎಂದು ಎರಡು ಮಾತುಗಳಿವೆ. ಆದುದರಿಂದ ಗಡಿಸೀಮೆಯ ಹುಡುಗಿಗೆ “ಎತ್ತನೈ ಎಂದರೆ ಮೆನಿ, ಎವ್ವಳವು ಎಂದರೆ ಮಚ್” ಎಂದು ಹೇಳಿಕೊಟ್ಟರೆ ಪಾಠದ ಅರ್ಧ ಭಾಗವು ಮುಗಿದಂತೆಯೇ ಸರಿ.

ಹಾಗಾದರೆ ಕನ್ನಡವು ಈ ಭೇದವನ್ನು ಅರಿಯದೋ? ಚೆನ್ನಾಗಿ ಅರಿಯುವುದು. “ಎಷ್ಟು” ಎಂಬ ಮಾತು ಅದನ್ನು ಮರೆಮಾಡಿದೆಯೇ ಹೊರತು ಅಳಿಸಿಲ್ಲ. “ಕೆಲವು”, “ಹಲವು” ಎಂಬ ಶಬ್ದಗಳನ್ನು ತೆಗೆದುಕೊಳ್ಳಿರಿ. ಕೆಲವು ಮರಗಳು, ಹಲವು ಊರುಗಳು ಎನ್ನುವೆವು. “ಕೆಲವು ಹಾಲು”, “ಹಲವು ನೀರು” ಎಂದು ಮೂರು ವರುಷದ ಮಗುವೂ ಹೇಳದು. “ತೊಟ್ಟು”, “ಗುಟುಕು” ಎಂಬ ಮಾತುಗಳು ಹಾಲು, ನೀರು, ಜೇನುಗಳಿಗೆ ಸಲ್ಲುವುವು. ಮರಕ್ಕೂ ಮಗುವಿಗೂ ಸಲ್ಲವು. ಮೇಲಾಗಿ ಮನುಷ್ಯರನ್ನು ಕುರಿತಾಗ ನಾವು ಕೆಲವರು, ಹಲವರು, ಇಬ್ಬರು, ಮೂವರು ಎಂದು ಬೇರೆ ರೂಪಗಳನ್ನೇ ಇಟ್ಟುಕೊಂಡಿದ್ದೇವೆ. ಹಳಗನ್ನಡದಲ್ಲಿ “ಎನಿತು” ಎಂಬುದರ ಪಕ್ಕದಲ್ಲಿ, ಎಷ್ಟು ಜನ ಎಂದು ಕೇಳುವುದಕ್ಕೆ “ಎನಿಬರ್” ಎಂಬ ಪ್ರತ್ಯೇಕ ಶಬ್ದವಿತ್ತು. ಹೀಗಿರುವುದರಿಂದ ಇಂಗ್ಲಿಷ್ ವ್ಯಾಕರಣವು ಕೇಳುವ ವಿವೇಕವು ನಮ್ಮ ಮಕ್ಕಳಲ್ಲಿ ಆಗಲೇ ನೆಲೆಸಿದೆ. ಉಪಾಧ್ಯಾಯರು ಮಾಡಬೇಕಾದುದು ಅದನ್ನು ಎಚ್ಚರಿಸುವುದು ಮಾತ್ರ.

ಎಚ್ಚರಿಸುವ ಕ್ರಮ ಹೇಗೆಂದರೆ: ವಸ್ತುವನ್ನು ಹೆಸರಿಸಿ “ಇದನ್ನು ಎಣಿಸುವೆಯೋ, ಅಳೆಯುವೆಯೋ?” ಎಂದು ಕೇಳುವುದು. ಇಲ್ಲವೆ ಅದರ ಹಿಂದೆ “ಕೆಲವು” ಎಂಬುದನ್ನು ಇಟ್ಟು ಕಿವಿಗೆ ಒಪ್ಪುವುದೋ ಎಂದು ನೋಡುವುದು. ಕೆಲವು ಕುರಿ, ಕೆಲವು ಪುಸ್ತಕ, ಕೆಲವು ದಿನ ಎಂಬುವು ಒಪ್ಪುವುವು. ಇವು ಎಣಿಕೆಯ ನಾಮಗಳು. ಕೆಲವು ಎಣ್ಣೆ, ಕೆಲವು ಮರಳು, ಕೆಲವು ತಾಳ್ಮೆ ಎಂಬುವು ಒಪ್ಪವು. ಇವು ಅಳತೆಯ ನಾಮಗಳು. ಎಣಿಕೆಯ ನಾಮಗಳಿಗೆ ಮೆನಿ, ಫ್ಯೂ, ಎ ಫ್ಯೂ, ಸೆವೆರಲ್, ಫ್ಯೂಅರ್ ಎಂಬುವು ಸಲ್ಲುವುವು. ಅಳತೆಯ ನಾಮಗಳಿಗೆ ಮಚ್, ಲಿಟಲ್, ಎ ಲಿಟಲ್, ಲೆಸ್ ಎಂಬುವು ಸಲ್ಲುವುವು. ಸಮ್, ಎನಿ, ನೋ, ಆಲ್, ಮೋರ್, ಮೋಸ್ಟ್, ಎನಫ್, ಎ ಲಾಟ್ ಆಫ್, ಪ್ಲೆಂಟಿ ಆಫ್ ಎಂಬುವು ನಮ್ಮ “ಎಷ್ಟು” ಇದ್ದಂತೆ ಎರಡು ಪಕ್ಷಕ್ಕೂ ಸೇರಿದುವು; ಇವುಗಳಲ್ಲಿ ತಪ್ಪುವ ಭಯವಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾಡಿನ ಅಂಚಿನ ಹಳ್ಳಿಗಳಲ್ಲಿ ಜೇನೂ ಉಂಟು, ನೆಲ್ಲಿಕಾಯಿಯೂ ಉಂಟು. ಜೇನು ಅಳತೆಯದೆಂಬುದು ಸ್ಪಷ್ಟ. ನೆಲ್ಲಿಕಾಯಿಯನ್ನು ತೂಗಿ ಮಾರುವರಾದರೂ ಒಂದೊಂದನ್ನೂ ಬೇರೆಯಾಗಿ ಎಣಿಸುವ ವಾಡಿಕೆ ಇರುವುದರಿಂದ ಅದು ಎಣಿಕೆಯ ನಾಮವೇ. ರಾಗಿಯ ಕಾಳನ್ನು ಎಣಿಸಲು ಮನಸ್ಸು ಮಾಡಿದರೆ ಎಣಿಸಲೂಬಹುದು. ಆದರೆ ಯಾರೂ ಎಣಿಸರು. ಕೊಳಗದಲ್ಲಿ ಅಳೆದು, ೨೦ ಕೊಳಗವಾದರೆ ಒಂದು ಖಂಡುಗವೆಂದು ನಮ್ಮ ಹಿರಿಯರು ಲೆಕ್ಕ ಹಿಡಿದರು. ೧೯೫೬ರ ಕಾನೂನಿನ ತರುವಾಯ ಮೆಟ್ರಿಕ್ ತೂಕವು ಬಂದು ಈಗ ಕಿಲೋಗ್ರಾಮಿನಲ್ಲಿ ತೂಗುವೆವು. ಆದಕಾರಣ ಪ್ರಶ್ನೆಯು “ಎಣಿಸಲು ಸಾಧ್ಯವೋ?” ಎಂಬುದಲ್ಲ, “ಎಣಿಸುವ ರೂಢಿ ಉಂಟೋ?” ಎಂಬುದೇ. ಭೇದವು ವಸ್ತುವಿನಲ್ಲಿಲ್ಲ, ಭಾಷೆಯು ವಸ್ತುವನ್ನು ನೋಡುವ ಬಗೆಯಲ್ಲಿದೆ. ಡೆನ್ಮಾರ್ಕ್ ದೇಶದ ಪ್ರಸಿದ್ಧ ವ್ಯಾಕರಣಪಂಡಿತನಾದ ಒಟ್ಟೊ ಯೆಸ್ಪರ್ಸನ್ ೧೯೨೪ರಲ್ಲಿ ಪ್ರಕಟಿಸಿದ “ದಿ ಫಿಲಾಸಫಿ ಆಫ್ ಗ್ರಾಮರ್” ಎಂಬ ಗ್ರಂಥದಲ್ಲಿ ಈ ಎರಡು ಬಗೆಯ ನಾಮಗಳನ್ನು ವಿಸ್ತಾರವಾಗಿ ವಿಚಾರಿಸಿದ್ದಾನೆ.

ಅಳತೆಯ ವಸ್ತುವನ್ನು ಎಣಿಸಬೇಕಾಗಿ ಬಂದರೆ ಮಾಡುವುದೇನು? ನಮ್ಮ ಅಡಿಗೆಯ ಮನೆಯಲ್ಲಿ ನಿತ್ಯವೂ ಮಾಡುವುದನ್ನೇ. ಒಂದು ಚಿಟಿಕೆ ಅರಿಸಿನ, ಎರಡು ಹಿಡಿ ಅಕ್ಕಿ, ಒಂದು ಗುಟುಕು ನೀರು, ಹತ್ತು ಜಲ್ಲೆ ಕಬ್ಬು ಎನ್ನುವೆವಲ್ಲವೆ? ಚಿಟಿಕೆ, ಹಿಡಿ, ಗುಟುಕು, ಜಲ್ಲೆ ಎಂಬುವು ಎಣಿಸಲಾಗದುದನ್ನು ಎಣಿಕೆಗೆ ತರುವ ಪಾತ್ರೆಗಳಿದ್ದಂತೆ. ಇಂಗ್ಲಿಷಿನಲ್ಲಿಯೂ “ಎ ಪಿಂಚ್ ಆಫ್ ಸಾಲ್ಟ್”, “ಟೂ ಗ್ಲಾಸಸ್ ಆಫ್ ಮಿಲ್ಕ್” ಎಂದು ಹೇಳುವುದು ಇದೇ ಕ್ರಮದಲ್ಲಿ. ಐದು ರೊಟ್ಟಿಗಳಿಂದಲೂ ಎರಡು ಮೀನುಗಳಿಂದಲೂ ಕರ್ತನು ಜನರ ಗುಂಪಿಗೆ ಊಟವನ್ನು ಕೊಟ್ಟ ಸಂಗತಿಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಕನ್ನಡದಲ್ಲಿ ರೊಟ್ಟಿಯು ಎಣಿಕೆಗೆ ಸಲ್ಲುವುದು. ಇಂಗ್ಲಿಷಿನ “ಬ್ರೆಡ್” ಎಂಬುದು ಸಲ್ಲದು. ಆದುದರಿಂದಲೇ ಇಂಗ್ಲಿಷ್ ಬೈಬಲಿನಲ್ಲಿ ಆ ಸ್ಥಳದಲ್ಲಿ “ಬ್ರೆಡ್” ಎಂಬ ಮಾತಿಗೆ ಸಂಖ್ಯೆಯನ್ನು ಹಚ್ಚದೆ, “ಲೋಫ್” ಎಂಬುದರ ಬಹುವಚನವಾದ “ಲೋವ್ಸ್” ಎಂಬ ಶಬ್ದವನ್ನು ಉಪಯೋಗಿಸಿದ್ದಾರೆ.

ದೇವಾಲಯದ ಕಾಣಿಕೆಯ ಪೆಟ್ಟಿಗೆಯಲ್ಲಿ ಎರಡು ಕಾಸುಗಳನ್ನು ಹಾಕಿದ ಬಡ ವಿಧವೆಯ ಸಂಗತಿಯೂ ಇಲ್ಲಿ ಉಪಯೋಗಕ್ಕೆ ಬರುವುದು. ಆಕೆ ಕೊಟ್ಟ ಕಾಸುಗಳು ಎಣಿಕೆಯವು. “ಕಾಯಿನ್” ಎಂಬುದಕ್ಕೆ ಮೆನಿಯೂ ಫ್ಯೂವೂ ಸಲ್ಲುವುವು. ಆಕೆ ಕೊಟ್ಟ ಹಣವು ಅಳತೆಯದು. “ಮನಿ” ಎಂಬುದಕ್ಕೆ ಮಚ್ ಮತ್ತು ಲಿಟಲ್ ಸಲ್ಲುವುವು. ಹಣವನ್ನು ಎಣಿಸುವೆವಲ್ಲಾ ಎಂದು ಮಕ್ಕಳು ಸಾಮಾನ್ಯವಾಗಿ ಕೇಳುವರು. ಎಣಿಸುವುದು ರೂಪಾಯಿಗಳನ್ನು, ನೋಟುಗಳನ್ನು. ಹಣವೆಂಬುದು ಅವೆಲ್ಲವುಗಳ ರಾಶಿಯ ಹೆಸರು ಎಂಬುದೇ ಉತ್ತರ. ನಮ್ಮ ನಾಡಿನಲ್ಲಿ ಈ ಮಾತು ಹಿಂದೆ ಬೇರೆಯಾಗಿತ್ತೆಂಬುದು ಸ್ವಾರಸ್ಯವಾದ ವಿಷಯ. ಮೈಸೂರನ್ನು ೧೬೩೮ರಿಂದ ೧೬೫೯ರ ವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಅಚ್ಚುಹಾಕಿಸಿದ ಸಣ್ಣ ಚಿನ್ನದ ನಾಣ್ಯಕ್ಕೆ “ಹಣ” ಎಂದೇ ಹೆಸರು. ಆಗ “ಹತ್ತು ಹಣ” ಎಂದರೆ ಹತ್ತು ನಾಣ್ಯಗಳು. ನಾಣ್ಯವು ಚಲಾವಣೆಯಿಂದ ಹೋದ ಮೇಲೆ ಹೆಸರು ಮಾತ್ರ ಉಳಿದು, ಎಣಿಕೆಯ ನಾಮವು ಅಳತೆಯ ನಾಮವಾಯಿತು.

ಇಂಗ್ಲಿಷಿನಲ್ಲಿಯೂ ಇಂಥ ಮಾರ್ಪಾಟುಗಳು ಆಗಿವೆ. ಬಟಾಣಿಯನ್ನು ಹಿಂದೆ ಅವರು “ಪೀಸ್” ಎಂದು, ನಾವು ರಾಗಿ ಎನ್ನುವಂತೆ, ರಾಶಿಯ ಹೆಸರಾಗಿ ಹೇಳುತ್ತಿದ್ದರು. ಕೊನೆಯ ಧ್ವನಿಯನ್ನು ಬಹುವಚನದ ಗುರುತೆಂದು ಜನರು ಭ್ರಮಿಸಿ, ಹದಿನೇಳನೆಯ ಶತಮಾನದಲ್ಲಿ “ಪೀ” ಎಂಬ ಹೊಸ ಏಕವಚನವನ್ನು ಹುಟ್ಟಿಸಿಕೊಂಡರು. ೧೬೧೧ರ ಇಂಗ್ಲಿಷ್ ಬೈಬಲಿನಲ್ಲಿ “ಪೀಪಲ್” ಎಂಬ ಶಬ್ದದ ಹಿಂದೆ ಕೆಲವೆಡೆ “ಮಚ್” ಎಂದಿರುವುದನ್ನು ಕಂಡು ನಮ್ಮ ಬಾಲಿಕೆಯರು ಬೆರಗಾಗಬಾರದು. ಆ ಕಾಲದ ರೂಢಿ ಅದು. ಇಂದು ಬರೆಯುವವರು “ಮೆನಿ ಪೀಪಲ್” ಎಂದೇ ಬರೆಯತಕ್ಕದ್ದು.

ಇನ್ನು ಪರೀಕ್ಷೆಯಲ್ಲಿ ಮಾತ್ರವಲ್ಲದೆ ಜೀವನದಲ್ಲಿಯೂ ನಷ್ಟವನ್ನುಂಟುಮಾಡುವ ವಿಷಯಕ್ಕೆ ಬರೋಣ. “ಲಿಟಲ್” ಎಂಬುದಕ್ಕೂ “ಎ ಲಿಟಲ್” ಎಂಬುದಕ್ಕೂ, ಹಾಗೆಯೇ “ಫ್ಯೂ” ಎಂಬುದಕ್ಕೂ “ಎ ಫ್ಯೂ” ಎಂಬುದಕ್ಕೂ ಇರುವ ಅಂತರವು ಒಂದೇ ಒಂದು ಅಕ್ಷರದ್ದು. ಅರ್ಥದಲ್ಲಾದರೋ ಅದು ಆಶೆಗೂ ನಿರಾಶೆಗೂ ಇರುವ ಅಂತರ. ಓರ್ವ ಯುವತಿಯು ಉದ್ಯೋಗಕ್ಕಾಗಿ ಅರ್ಜಿಯನ್ನು ಬರೆಯುತ್ತ “ಐ ಹ್ಯಾವ್ ಎ ಲಿಟಲ್ ಎಕ್ಸ್‌ಪೀರಿಯೆನ್ಸ್” ಎಂದರೆ, ತನಗೆ ಕೊಂಚ ಅನುಭವ ಉಂಟೆಂದು ವಿನಯದಿಂದ ಹೇಳಿದಂತಾಯಿತು. ಆ “ಎ” ಎಂಬುದನ್ನು ಬಿಟ್ಟರೆ, ತನಗೆ ಅನುಭವವು ಇಲ್ಲವೆಂಬಷ್ಟು ಕಡಮೆ ಎಂದು ತಾನೇ ಒಪ್ಪಿಕೊಂಡಂತಾಗುವುದು. ದಾದಿಯ ಕೆಲಸದಲ್ಲಿರುವವರು ರೋಗಿಯ ವಿಷಯವಾಗಿ “ಟುಕ್ ಎ ಲಿಟಲ್ ಫುಡ್” ಎಂದು ಬರೆದರೆ ವೈದ್ಯರಿಗೆ ಸಮಾಧಾನ. “ಟುಕ್ ಲಿಟಲ್ ಫುಡ್” ಎಂದು ಬರೆದರೆ ಚಿಂತೆ. ಒಂದು ಸ್ವರವು ಎಷ್ಟು ಭಾರವನ್ನು ಹೊತ್ತಿದೆ ನೋಡಿರಿ!

ಈ ಅಂತರವೂ ಕನ್ನಡದಲ್ಲಿ ಉಂಟು; ಆದರೆ ಗುರುತು ತಿರುಗುಮುರುಗಾಗಿದೆ. “ಹಾಲು ಸ್ವಲ್ಪ ಇದೆ” ಎಂದರೆ ಕಾಫಿಗೆ ಆದೀತೆಂಬ ಭರವಸೆ. “ಹಾಲು ಸ್ವಲ್ಪವೇ ಇದೆ” ಎಂದರೆ ಸಾಲದೆಂಬ ಕೊರತೆ. ಕೊರತೆಯನ್ನು ತೋರಿಸಲು ನಾವು “ಏ” ಎಂಬುದನ್ನು ಸೇರಿಸುವೆವು. ಇಂಗ್ಲಿಷಿನವರು ಕೊರತೆಯನ್ನು ತೋರಿಸಲು “ಎ” ಎಂಬುದನ್ನು ತೆಗೆದುಬಿಡುವರು. “ಕನ್ನಡದಲ್ಲಿ ಕೂಡಿದರೆ ಕೊರತೆ, ಇಂಗ್ಲಿಷಿನಲ್ಲಿ ಕಳೆದರೆ ಕೊರತೆ” ಎಂಬ ಮಾತನ್ನು ಬಾಲಿಕೆಯರಿಗೆ ಬಾಯಿಪಾಠ ಮಾಡಿಸಿದರೆ ಈ ತಪ್ಪು ಬಹುಮಟ್ಟಿಗೆ ತಪ್ಪುವುದು.

ಮತ್ತೊಂದು ಎಚ್ಚರಿಕೆ. ಕನ್ನಡದಲ್ಲಿ ಸಂಖ್ಯೆಯು ಮುಂದೆ ಬಂದಾಗ ನಪುಂಸಕ ನಾಮಕ್ಕೆ ಬಹುವಚನದ ಪ್ರತ್ಯಯವು ಬೇಕೇಬೇಕೆಂಬ ನಿಯಮವಿಲ್ಲ. ಐದು ಪುಸ್ತಕ, ಹತ್ತು ಮರ, ಎಷ್ಟೋ ಊರು ಎಂದರೆ ಯಾರೂ ತಪ್ಪೆನ್ನರು. ಈ ಅಭ್ಯಾಸದಿಂದಲೇ ಮಕ್ಕಳು “ಮೆನಿ ಬುಕ್”, “ಫೈವ್ ಟ್ರೀ” ಎಂದು ಬರೆಯುವರು. ಮೆನಿ, ಫ್ಯೂ, ಸೆವೆರಲ್ ಎಂಬುವುಗಳ ಮುಂದಿನ ನಾಮವು ಬಹುವಚನದಲ್ಲಿಯೇ ಇರಬೇಕು. ಮಚ್, ಲಿಟಲ್ ಎಂಬುವುಗಳ ಮುಂದಿನದು ಏಕವಚನದಲ್ಲಿಯೇ ಇರಬೇಕು.

ನಮ್ಮ ಪರೀಕ್ಷೆಯಾದ “ಎಣಿಸುವೆಯೋ, ಅಳೆಯುವೆಯೋ?” ಎಂಬುದು ಎಲ್ಲ ಸ್ಥಳಗಳಲ್ಲಿಯೂ ನಡೆಯುವುದೆಂದು ಹೇಳಿದರೆ ಸತ್ಯಕ್ಕೆ ಚ್ಯುತಿ ಬರುವುದು. ಸುದ್ದಿಗಳು, ಸಲಹೆಗಳು, ಸಾಮಾನುಗಳು, ಮಾಹಿತಿಗಳು ಎಂದು ಕನ್ನಡದಲ್ಲಿ ಹೇಳುವೆವು. ಇಂಗ್ಲಿಷಿನ ನ್ಯೂಸ್, ಅಡ್ವೈಸ್, ಲಗೇಜ್, ಫರ್ನಿಚರ್, ಇನ್ಫರ್ಮೇಷನ್, ಹೋಂವರ್ಕ್ ಎಂಬುವೆಲ್ಲವೂ ಅಳತೆಯ ನಾಮಗಳು. ನಾಲ್ಕು ಕುರ್ಚಿಗಳನ್ನು ಎಣಿಸಬಹುದು, ಎರಡು ಮೇಜುಗಳನ್ನು ಎಣಿಸಬಹುದು. ಅವೆಲ್ಲ ಸೇರಿ “ಫರ್ನಿಚರ್” ಆದೊಡನೆ ಎಣಿಸಬಾರದು! ಇದಕ್ಕೆ ಕಾರಣವನ್ನು ಕೇಳಿ ಫಲವಿಲ್ಲ. ಅದು ಆ ಭಾಷೆಯ ರೂಢಿ. ಈ ಹತ್ತು ಹನ್ನೆರಡು ಶಬ್ದಗಳನ್ನು ಪಟ್ಟಿಮಾಡಿ ಗೋಡೆಗೆ ಅಂಟಿಸಿ ನೆನಪಿನಲ್ಲಿಡುವುದೇ ಉಪಾಯ. ಒಂದೊಂದನ್ನಾಗಿ ಹೇಳಬೇಕಾದಲ್ಲಿ “ಎ ಪೀಸ್ ಆಫ್ ಅಡ್ವೈಸ್”, “ಎ ಪೀಸ್ ಆಫ್ ಫರ್ನಿಚರ್” ಎನ್ನಬೇಕು.

ಕೆಲವು ಶಬ್ದಗಳು ಎರಡು ಪಕ್ಷದಲ್ಲಿಯೂ ನಿಲ್ಲುವುವು. ಆಗ ಅರ್ಥವೇ ಬದಲಾಗುವುದು. “ಮಚ್ ಟೈಮ್” ಎಂದರೆ ಬಹಳ ಹೊತ್ತು. “ಮೆನಿ ಟೈಮ್ಸ್” ಎಂದರೆ ಹಲವು ಸಲ. “ಮಚ್ ಪೇಪರ್” ಎಂದರೆ ಬಹಳ ಕಾಗದ. “ಮೆನಿ ಪೇಪರ್ಸ್” ಎಂದರೆ ಹಲವು ಪತ್ರಿಕೆಗಳು. ಇಲ್ಲಿ ಕನ್ನಡವೇ ಬೇರೆ ಬೇರೆ ಶಬ್ದಗಳನ್ನು ಕೊಟ್ಟು ನಮಗೆ ದಾರಿ ತೋರಿಸುವುದು.

“ಲೆಸ್” ಮತ್ತು “ಫ್ಯೂಅರ್” ಎಂಬುವುಗಳ ವಿಷಯದಲ್ಲಿ ಇಂಗ್ಲಿಷಿನವರಲ್ಲಿಯೇ ಏಕಾಭಿಪ್ರಾಯವಿಲ್ಲ. ಎಣಿಕೆಯ ನಾಮಗಳಿಗೆ “ಫ್ಯೂಅರ್” ಎನ್ನುವುದೇ ಮೇಲೆಂದು ರಾಬರ್ಟ್ ಬೇಕರ್ ಎಂಬಾತನು ೧೭೭೦ರಲ್ಲಿ ತನ್ನ ಅಭಿಪ್ರಾಯವನ್ನು ಬರೆದನು; ಆತನ ಅಭಿರುಚಿಯು ತರುವಾಯದವರ ಕೈಯಲ್ಲಿ ಕಟ್ಟುನಿಟ್ಟಾದ ನಿಯಮವಾಯಿತು. ಅದಕ್ಕೂ ಎಷ್ಟೋ ಶತಮಾನಗಳ ಹಿಂದಿನಿಂದ ಜನರು ಎರಡು ಕಡೆಗೂ “ಲೆಸ್” ಎನ್ನುತ್ತಲೇ ಬಂದಿದ್ದರು. ಆಡುಮಾತಿನಲ್ಲಿ ಈಗಲೂ ಎನ್ನುವರು. ನಮ್ಮ ಬಾಲಿಕೆಯರು ಪರೀಕ್ಷೆಯಲ್ಲಿಯೂ ಅರ್ಜಿಗಳಲ್ಲಿಯೂ “ಫ್ಯೂಅರ್ ಸ್ಟೂಡೆಂಟ್ಸ್”, “ಲೆಸ್ ವಾಟರ್” ಎಂಬ ಭೇದವನ್ನು ಕಾಪಾಡುವುದು ಕ್ಷೇಮ. ಆದರೆ ದೂರ, ಕಾಲ, ಹಣಗಳ ಮೊತ್ತವನ್ನು ಒಂದೇ ಅಳತೆಯಾಗಿ ಭಾವಿಸುವುದರಿಂದ “ಲೆಸ್ ದ್ಯಾನ್ ಟೆನ್ ಮೈಲ್ಸ್” ಎಂಬುದೇ ಸರಿ.

ಕೊನೆಗೆ ತಾಯಿತಂದೆಗಳಿಗೆ ಒಂದು ವಿಜ್ಞಾಪನೆ. ಸಂತೆಯಿಂದ ತಂದ ಚೀಲವನ್ನು ಬಿಚ್ಚುವಾಗ, ಮಗಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಒಂದೊಂದು ವಸ್ತುವನ್ನೂ ತೋರಿಸಿ “ಎಣಿಸುವುದೋ, ಅಳೆಯುವುದೋ?” ಎಂದು ಕೇಳಿರಿ. ಬಾಳೆಹಣ್ಣು, ಬೆಲ್ಲ, ತೆಂಗಿನಕಾಯಿ, ಉಪ್ಪು, ನಿಂಬೆಹಣ್ಣು, ಎಣ್ಣೆ ಎಂಬ ಕ್ರಮದಲ್ಲಿ ಹತ್ತು ನಿಮಿಷ ಸಾಕು. ಉತ್ತರವನ್ನು ಮಗಳು ಇಂಗ್ಲಿಷಿನಲ್ಲಿ ಹೇಳಲಿ. ತೀರ್ಪನ್ನು ನೀವು ಕನ್ನಡದಲ್ಲಿ ಕೊಡಿರಿ. ಇಂಗ್ಲಿಷ್ ಬಾರದ ಮನೆಯಲ್ಲಿ ಇಂಗ್ಲಿಷ್ ಬೆಳೆಯದೆಂಬ ಸಂಕೋಚದಿಂದ ಎಷ್ಟೋ ಮಂದಿ ತಾಯಂದಿರು ಮಕ್ಕಳ ಪಾಠದಿಂದ ದೂರ ನಿಲ್ಲುವರು. ಮಕ್ಕಳೂ ತಮ್ಮ ಮನೆಯ ಮಾತು ವಿದ್ಯೆಗೆ ಅಡ್ಡಿಯೆಂದು ತಿಳಿಯುವರು. ಎರಡೂ ಸರಿಯಲ್ಲ. ಜರ್ಮನ್ ದೇಶದಿಂದ ಬಂದ ಬಾಸೆಲ್ ಮಿಷನಿನ ಫರ್ಡಿನೆಂಡ್ ಕಿಟ್ಟೆಲ್‌ರವರು ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಅಚ್ಚುಮಾಡಿಸಿ, ೧೮೯೪ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ೧೯೦೩ರಲ್ಲಿ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿದರು. ಅವರು ತಮ್ಮ ಭಾಷೆಯನ್ನು ಮರೆತು ನಮ್ಮದನ್ನು ಕಲಿತವರಲ್ಲ; ಎರಡನ್ನೂ ಎದುರೆದುರಾಗಿ ಇಟ್ಟು, ಒಂದರ ಬೆಳಕಿನಲ್ಲಿ ಇನ್ನೊಂದನ್ನು ನೋಡಿದವರು. ನಮ್ಮ ಮಕ್ಕಳಿಗೂ ಅದೇ ಮಾರ್ಗವು ಯೋಗ್ಯವಾದುದು.

ವಿದ್ಯೆಯು ಎಣಿಕೆಯ ನಾಮವೋ ಅಳತೆಯ ನಾಮವೋ ಎಂದು ಯಾರಾದರೂ ಕೇಳಿದರೆ, ಇಂಗ್ಲಿಷಿನ “ನಾಲೆಜ್” ಎಂಬ ಮಾತು ಅಳತೆಯದೆಂದು ಉತ್ತರಕೊಡಬೇಕು. ಅದಕ್ಕೆ “ಮಚ್” ಸಲ್ಲುವುದು, “ಮೆನಿ” ಸಲ್ಲದು. ನಮ್ಮ ಬಾಲಿಕೆಯರು ಅದನ್ನು ಕೊಳಗಗಟ್ಟಲೆ ಪಡೆದುಕೊಳ್ಳಲೆಂದೂ, ಪಡೆದುದನ್ನು ಹಲವು ಮನೆಗಳಿಗೆ ಹಂಚಲೆಂದೂ ದೇವರನ್ನು ಬೇಡುತ್ತೇವೆ.